‘ಗಾಡಿ ಪಲ್ಟಿ’ ಎಂಬ ಎರಡು ಪದ: ಒಂದು ಗಾಯದ ಪದಕದ ಪ್ರಕರಣ

ಶಹಾಪುರ ತಾಲೂಕಿನ ಒಬ್ಬ ಮಾಜಿ ಸೈನಿಕರು ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಯೂರಿಯಾ ಚೀಲ ಇತ್ತು. ಒಳಗೆ ಬರೀ ಕಾಗದ. ಚೀಲ ಕೆಳಗಿಟ್ಟು, ಬೆವರು ಒರೆಸಿಕೊಂಡು, “ಬಾಬೂಜಿ, ಇದರಾಗ ನನ್ನ ಮೆಡಲ್ ಎಲ್ಲೆರ ಅದ ಏನು ನೋಡ್ರಿ” ಅಂದರು.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಅಲ್ಲಿ ಕ್ಲರ್ಕಿಗೆ ಬಾಬು ಅಂತಲೇ ಹೆಸರು. ಬಂದೂಕಿಗಿಂತ ಟೈಪ್‌ರೈಟರ್ ಜೊತೆ ಜಾಸ್ತಿ ದಿನ ಕಳೆದಿದ್ದೇನೆ. ಈಗ ಕಲಬುರಗಿಯಲ್ಲಿದ್ದೇನೆ. ಸುತ್ತಲಿನ ಮಾಜಿ ಸೈನಿಕರು ಪಿಂಚಣಿ, ಹೆಸರು ತಿದ್ದುಪಡಿ, ಹೆಂಡತಿಯ ಜನ್ಮದಿನಾಂಕ ಅಂತ ಕಾಗದ ತರುತ್ತಾರೆ. ಓದಿ ಹೇಳುತ್ತೇನೆ, ಬೇಕಾದರೆ ಬರೆದೂ ಕೊಡುತ್ತೇನೆ. ಪದಕದ ವಿಷಯ ತಂದವರು ಇವರೊಬ್ಬರೇ. ಇಂಥದ್ದೇ ತೊಂದರೆ ಇನ್ನೂ ಕೆಲವರಿಗೆ ಇರಬಹುದು ಅಂತ ಪೂರ್ತಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಹೆಸರು, ಪಲ್ಟನ್ (ಅಂದರೆ ಬೆಟಾಲಿಯನ್), ದಿನಾಂಕ ಬಿಟ್ಟಿದ್ದೇನೆ.

ಇಲ್ಲಿ ಅವರನ್ನು ನಾಯಕ್ ಸಾಹೇಬರು ಅನ್ನುತ್ತೇನೆ. ಸುರಪುರ, ಶಹಾಪುರದ ಕಡೆ ನಾಯಕ ಅಂದರೆ ಬೇರೆ ಅರ್ಥ ಇದೆ, ಗೊತ್ತು. ಇದು ರ‍್ಯಾಂಕು. ತೋಳಿನ ಮೇಲೆ ಎರಡು ಪಟ್ಟಿ.

ಏನಾಗಿತ್ತು

1984ರಲ್ಲಿ ಅವರು ಭರ್ತಿಯಾದರು. 1987ರ ಜುಲೈ 29ಕ್ಕೆ ಭಾರತ ಮತ್ತು ಶ್ರೀಲಂಕಾ ನಡುವೆ ಒಪ್ಪಂದ ಆಯಿತು. ಅದರ ಬೆನ್ನಿಗೇ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಯಲು ಹೋದವರು ಅಲ್ಲಿನ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇ ಜೊತೆ ಹೊಡೆದಾಡುತ್ತಿದ್ದರು. ಆ ಕಾರ್ಯಾಚರಣೆಯ ಹೆಸರು ಆಪರೇಷನ್ ಪವನ್. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬರುವಷ್ಟರಲ್ಲಿ ನಮ್ಮವರು ಸುಮಾರು 1,200 ಮಂದಿ ಸತ್ತಿದ್ದರು. ಗಾಯಗೊಂಡವರು ಅದಕ್ಕಿಂತ ಎಷ್ಟೋ ಜಾಸ್ತಿ. ಕಾರ್ಗಿಲ್ ನೆನಪಿರುವ ಊರುಗಳಲ್ಲಿ ಇದು ಯಾರಿಗೂ ಅಷ್ಟು ನೆನಪಿಲ್ಲ. ಕಾರ್ಗಿಲ್ ಟಿವಿಯಲ್ಲಿ ಬಂತು. ಇದು ಬರಲಿಲ್ಲ.

ಉತ್ತರ ಶ್ರೀಲಂಕಾದ ಜಾಫ್ನಾದಲ್ಲಿ ಹೆಚ್ಚು ಜನರ ಪ್ರಾಣ ತೆಗೆದದ್ದರಲ್ಲಿ ರಸ್ತೆಯಲ್ಲಿ ಹುಗಿದಿಟ್ಟ ನೆಲಬಾಂಬುಗಳೂ ಇದ್ದವು. ನಾಯಕ್ ಸಾಹೇಬರು, ಆಗಿನ್ನೂ ಸಿಪಾಯಿ, ಕೂತಿದ್ದ ಟ್ರಕ್ಕಿನ ಮುಂಚಕ್ರದ ಕೆಳಗೆ ಅಂಥದ್ದೊಂದು ಸಿಡಿಯಿತು. ಟ್ರಕ್ ಎದ್ದು ಪಕ್ಕಕ್ಕೆ ಬಿತ್ತು. ಡ್ರೈವರ್ ಅಲ್ಲೇ ಹೋದ. ಇವರ ಎಡತೊಡೆಗೆ ಲೋಹದ ಚೂರುಗಳು ಹೊಕ್ಕವು, ಮಂಡಿ ತಿರುಚಿತು, ಎಡಗಿವಿ ಇವತ್ತಿಗೂ ಅಷ್ಟು ಕೇಳುವುದಿಲ್ಲ. ಪಲಾಲಿ ವಿಮಾನ ನಿಲ್ದಾಣದಿಂದ ಈ ಕಡೆ ತಂದರು. ಎರಡು ತಿಂಗಳು ಆಸ್ಪತ್ರೆ. ಆಮೇಲೆ ಮತ್ತೆ ಪಲ್ಟನ್. 2001ರಲ್ಲಿ ನಿವೃತ್ತಿ. ನಿವೃತ್ತಿ ಸಮಯದ ಮೆಡಿಕಲ್ ಬೋರ್ಡು ಮಂಡಿಗೆ 20 ಪರ್ಸೆಂಟ್ ಅಂಗವಿಕಲತೆ ಬರೆಯಿತು. ಅದರ ಸಣ್ಣ ಪಿಂಚಣಿ ಬರುತ್ತಿತ್ತು. ಅವರೂ ಸುಮ್ಮನಿದ್ದರು.

ಪಿಂಚಣಿ ಎಲ್ಲ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋದಾಗ ವಿವರ ತಾಳೆ ನೋಡಬೇಕು ಅಂತ ಬಂತು. ಮಗ ಕೂತು ಓದಿದ. “ಅಪ್ಪಾ, ಇದರಾಗ ನೀ ಆಕ್ಸಿಡೆಂಟ್‌ನಾಗ ಬಿದ್ದೀ ಅಂತ ಅದ ನೋಡು” ಅಂದನಂತೆ.

ಚೀಲದೊಳಗೆ ಏನಿತ್ತು

ಮೊದಲು ಡಿಸ್ಚಾರ್ಜ್ ಬುಕ್ ತೆಗೆದೆ. ಪದಕಗಳ ಕಾಲಮ್ಮಿನಲ್ಲಿ ಶ್ರೀಲಂಕಾ ಪಟ್ಟಿಯ ವಿದೇಶ ಸೇವಾ ಮೆಡಲ್ ಇತ್ತು. 9 ವರ್ಷದ ಸೇವೆಯದ್ದು ಇತ್ತು. ಸ್ವಾತಂತ್ರ್ಯದ 50ನೇ ವರ್ಷದ್ದೂ ಇತ್ತು. ಗಾಯದ ಪದಕ, ಅಂದರೆ ವೂಂಡ್ ಮೆಡಲ್, ಇರಲಿಲ್ಲ. ಶತ್ರುವಿನ ನೇರ ದಾಳಿಯಲ್ಲಿ ಗಾಯವಾದವರಿಗೆ ಇದು ಸಿಗುತ್ತದೆ. ಹಿಂದಿಯಲ್ಲಿ ಪರಾಕ್ರಮ ಪದಕ ಅನ್ನುತ್ತಾರೆ. ಆ ಹೆಸರು ಕೇಳಿದ ಜನ ಇದು ಶೌರ್ಯಕ್ಕೆ ಕೊಡುವುದು ಅಂದುಕೊಳ್ಳುತ್ತಾರೆ. ಅಲ್ಲ. ನೀವು ಹುಲಿಯಂತೆ ಹೋರಾಡಿದಿರಾ, ಟ್ರಕ್ಕಿನಲ್ಲಿ ನಿದ್ದೆ ಮಾಡುತ್ತಿದ್ದಿರಾ ಅಂತ ಅದು ಕೇಳುವುದಿಲ್ಲ. ಗಾಯ ಶತ್ರುವಿನಿಂದ ಆಯಿತೇ ಅಂತಷ್ಟೇ ಕೇಳುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಚೀಲದಲ್ಲಿ ಇನ್ನೊಂದು ಕಾಗದ ಸಿಕ್ಕಿತು. ನನ್ನ ಹತ್ತಿರ ಬರುವ ಮೊದಲೇ ಯಾರದೋ ಕೈಯಲ್ಲಿ ಬರೆಸಿದ ಮೂರು ಪುಟದ ಅರ್ಜಿ. ರಾಷ್ಟ್ರಪತಿಗಳಿಗೆ, ಪ್ರಧಾನಿಗೆ, ರಕ್ಷಣಾ ಮಂತ್ರಿಗೆ, ಜಿಲ್ಲಾಧಿಕಾರಿಗೆ, ಸೈನಿಕರ ಸೇವಾ ದಾಖಲೆ ಇಡುವ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಒಂದೇ ಅರ್ಜಿ. ಅದರಲ್ಲಿ ಶೌರ್ಯಕ್ಕೆ ಕೊಡುವ ಸೇನಾ ಮೆಡಲ್ ಕೇಳಿದ್ದರು, ಗಾಯದ ಪದಕ ಕೇಳಿದ್ದರು, ಯುದ್ಧಗಾಯದ ಪಿಂಚಣಿ, ಜಮೀನು, ಮಗನಿಗೆ ನೌಕರಿ ಎಲ್ಲ ಕೇಳಿದ್ದರು. ಬಂದ ಉತ್ತರ ಎರಡು ಸಾಲಿನದು: ದಾಖಲೆಯಲ್ಲಿ ನೀವು ಹೇಳಿದ್ದು ಕಂಡುಬಂದಿಲ್ಲ. ನಿಜ ಹೇಳಬೇಕೆಂದರೆ ಆ ಅರ್ಜಿ ನನ್ನ ಟೇಬಲ್ಲಿಗೆ ಬಂದಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ.

ಸೇನಾ ಮೆಡಲ್ ಮಾತು ಎಲ್ಲಿಂದ ಬಂತು? ಆಸ್ಪತ್ರೆಯಲ್ಲಿ ನೋಡಲು ಬಂದ ಕಂಪನಿ ಕಮಾಂಡರ್ “ನಿನ್ನ ಹೆಸರು ಕಳಿಸುತ್ತೇನೆ” ಅಂದಿದ್ದರಂತೆ. ಟ್ರಕ್ ಬಿದ್ದ ಮೇಲೂ ಇವರು ಕುಂಟುತ್ತ ಇಬ್ಬರನ್ನು ಹೊರಗೆ ಎಳೆದಿದ್ದರು. ಕಮಾಂಡರ್ ಕಳಿಸಿರಬಹುದು, ಮೇಲೆ ನಿಂತಿರಬಹುದು, ಅಥವಾ ಆ ಗದ್ದಲದಲ್ಲಿ ಮರೆತೇ ಹೋಗಿರಬಹುದು. ಶೌರ್ಯ ಪದಕದ ಶಿಫಾರಸು ಘಟನೆಯಾದ ಕೂಡಲೇ ಕಮಾಂಡಿಂಗ್ ಆಫೀಸರ್ ಬರೆಯಬೇಕು. ಅದು ಬ್ರಿಗೇಡ್, ಡಿವಿಜನ್ ಹೀಗೆ ಮೆಟ್ಟಿಲು ಹತ್ತುತ್ತ ಹೋಗಬೇಕು. ಪ್ರತಿ ಮೆಟ್ಟಿಲಲ್ಲೂ ಬೇಡ ಅನ್ನುವ ಹಕ್ಕು ಅಲ್ಲಿನ ಅಧಿಕಾರಿಗಿದೆ. ಕೊಡಬೇಕೋ ಬೇಡವೋ ಎಂಬುದರಲ್ಲಿ ನ್ಯಾಯಾಲಯಗಳೂ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಇಷ್ಟು ವರ್ಷದ ಮೇಲೆ ಆ ಬಾಗಿಲು ಬಡಿದರೆ ಕೈ ನೋಯುತ್ತದೆ ಅಷ್ಟೇ.

ಹಾಗಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅದು ಬಿಡ್ರಿ ಹಂಗಾದ್ರ. ಆಕ್ಸಿಡೆಂಟ್ ಅಂತ ಬರದದ್ದು ಮಾತ್ರ ತಗಿಸ್ರಿ” ಅಂದರು. ಹಣಕ್ಕಿಂತ, ಪದಕಕ್ಕಿಂತ ಆ ಒಂದು ಮಾತು ಇವರನ್ನು ಯಾಕೆ ಇಷ್ಟು ಕಾಡುತ್ತಿದೆ ಅಂತ ನನಗೆ ಆಗ ಹೊಳೆಯಲಿಲ್ಲ. ಕೇಳಲೂ ಇಲ್ಲ.

ತಪ್ಪು ಹುಟ್ಟಿದ ಜಾಗ

ಹೊಸ ಅರ್ಜಿ ಬರೆಯುವ ಮೊದಲು ಅವರ ಶೀಟ್ ರೋಲ್ (ಸೇವೆಯ ಮೂಲ ದಾಖಲೆ), ಇಂಜುರಿ ರಿಪೋರ್ಟ್, ಮೆಡಿಕಲ್ ಬೋರ್ಡಿನ ಪ್ರತಿ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆವು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. 2005ರ ಕಾಯ್ದೆಯ ಪ್ರಕಾರ 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ. ನಮಗೆ ಮೇಲ್ಮನವಿಯೂ ಬೇಕಾಯಿತು.

ಪಿಂಚಣಿ ಇದ್ದದ್ದು ಇಲ್ಲಿ ಅವರ ಅದೃಷ್ಟ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಯನ್ನು 25 ವರ್ಷದ ಮೇಲೆ ನಾಶ ಮಾಡುವ ನಿಯಮ ಇದೆ. ಆಮೇಲೆ ತಿದ್ದೋಣ ಅಂದರೆ ತಿದ್ದಲು ಕಾಗದವೇ ಇರುವುದಿಲ್ಲ.

ಬಂದ ಪುಟಗಳನ್ನು ನೆಲದ ಮೇಲೆ ಹರಡಿ ದಿನಾಂಕದ ಪ್ರಕಾರ ಜೋಡಿಸಿದೆ. ಪಿಂಚಣಿ ಆದೇಶದಿಂದ ಹಿಂದಕ್ಕೆ ಹೋಗುತ್ತ ಹೋದೆ. ಪಿಂಚಣಿ ಆದೇಶ ಮೆಡಿಕಲ್ ಬೋರ್ಡನ್ನು ನೋಡಿ ಬರೆದದ್ದು. ಬೋರ್ಡು ಇಂಜುರಿ ರಿಪೋರ್ಟನ್ನು ನೋಡಿ ಬರೆದದ್ದು. ಇಂಜುರಿ ರಿಪೋರ್ಟ್ ಆಸ್ಪತ್ರೆಯ ದಾಖಲಾತಿಯನ್ನು ನೋಡಿ. ಆ ದಾಖಲಾತಿಯ ಮೊದಲ ಸಾಲು, ಜಾಫ್ನಾದಿಂದ ತಂದಾಗ ಬರೆದದ್ದು, ಹೀಗೆ ಹೇಳುತ್ತಿತ್ತು: ಗಾಡಿ ಪಲ್ಟಿಯಾಗಿ ಗಾಯ.

ಅಷ್ಟೇ. ಯಾರೂ ಸುಳ್ಳು ಬರೆದಿರಲಿಲ್ಲ. ಗಾಡಿ ಪಲ್ಟಿಯಾದದ್ದು ನಿಜವೇ. ಯಾಕೆ ಪಲ್ಟಿಯಾಯಿತು ಅಂತ ಬರೆಯುವಷ್ಟು ಪುರುಸೊತ್ತು ಆ ರಾತ್ರಿ ಅಲ್ಲಿದ್ದವನಿಗೆ ಇರಲಿಲ್ಲ. ಸ್ಟ್ರೆಚರುಗಳು ಸಾಲಾಗಿ ಬರುತ್ತಿದ್ದಾಗ ಒಬ್ಬ ನರ್ಸಿಂಗ್ ಸಹಾಯಕ ಎಷ್ಟು ಅಂತ ಬರೆದಾನು? ಆದರೆ ಆ ಸಾಲನ್ನು ನೋಡಿ ಪಲ್ಟನ್ನಿನ ಬಾಬು ಪಾರ್ಟ್ ಟು ಆರ್ಡರ್ ಹೊರಡಿಸಿದ. ಸೈನಿಕನ ಬದುಕಿನಲ್ಲಿ ಏನೇ ಆಗಲಿ, ಮದುವೆ, ಮಗು, ರಜೆ, ಗಾಯ, ಪಾರ್ಟ್ ಟು ಆರ್ಡರಿನಲ್ಲಿ ಬಂದರೆ ಆಯಿತು, ಬರದಿದ್ದರೆ ಆಗಿಲ್ಲ. ಅದರಲ್ಲಿ ಇವರನ್ನು ಬ್ಯಾಟಲ್ ಕ್ಯಾಜುವಲ್ಟಿ ಅಂತ ತೋರಿಸಬೇಕಿತ್ತು. ಫಿಜಿಕಲ್ ಕ್ಯಾಜುವಲ್ಟಿ ಅಂತ ತೋರಿಸಿದರು. ಮೊದಲನೆಯದು ಶತ್ರುವಿನಿಂದ ಆದದ್ದು. ಎರಡನೆಯದು ಕೆಲಸದ ಮೇಲಿದ್ದಾಗ ಬಿದ್ದು ಎದ್ದು ಆದದ್ದು. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ, ಒಬ್ಬರ ನಂತರ ಒಬ್ಬರು, ಎಲ್ಲರೂ ನಕಲು ಮಾಡಿದರು. ನಾನೂ ನನ್ನ ಕಾಲದಲ್ಲಿ ಇಂಥ ಸಾವಿರ ನಕಲು ಮಾಡಿದ್ದೇನೆ. ಮೂಲ ಸರಿಯಿದೆಯಾ ಅಂತ ಒಂದು ದಿನವೂ ಕೇಳಿದವನಲ್ಲ.

ಹಾಗಾಗಿ ನಮ್ಮ ಬೇಡಿಕೆ ಒಂದೇ ಆಯಿತು. ಪದಕ ಕೊಡಿ ಅಂತಲ್ಲ. ಗಾಯದ ಕಾರಣ ತಿದ್ದಿ ಅಂತ. ಅದು ತಿದ್ದಿದರೆ ಪದಕ ಹಿಂದೆಯೇ ಬರುತ್ತದೆ, ಬಾಲದ ಹಾಗೆ.

ಸಾಕ್ಷಿ ಹುಡುಕಿದ ಕಥೆ

ಮೊದಲ ಸಾಕ್ಷಿ ಅವರ ಮೈಯೊಳಗೇ ಇತ್ತು. ಬೆನ್ನುನೋವು ಅಂತ ಕಲಬುರಗಿಯಲ್ಲಿ ಎಂಆರ್‌ಐಗೆ ಕಳಿಸಿದ್ದರು. ಮೈಯಲ್ಲಿ ಲೋಹ ಇದೆಯಾ ಅಂತ ಮೊದಲೇ ಕೇಳುತ್ತಾರಲ್ಲ, ಇವರು “ಇರಬಹುದ್ರಿ, ಮಿಲಿಟ್ರಿದು” ಅಂದಿದ್ದಾರೆ. ಎಕ್ಸ್‌ರೇ ತೆಗೆದರೆ ಎಡತೊಡೆಯಲ್ಲಿ ಎರಡು ಚೂರು, ಜೋಳದ ಕಾಳಿನಷ್ಟು, ಬೆಳ್ಳಗೆ. ಟ್ರಕ್ ಪಲ್ಟಿಯಾದರೆ ಮೂಳೆ ಮುರಿಯಬಹುದು, ತಲೆ ಒಡೆಯಬಹುದು. ತೊಡೆಯ ಮಾಂಸದ ಒಳಗೆ ಲೋಹದ ಕಾಳು ಎಲ್ಲಿಂದ ಬರಬೇಕು? 1987ರ ಆಸ್ಪತ್ರೆ ಕಾಗದದ ಎರಡನೇ ಪುಟದಲ್ಲೂ ಚೂರು ತೆಗೆದ ಶಸ್ತ್ರಚಿಕಿತ್ಸೆಯ ಮಾತು ಇತ್ತು. ಮೊದಲ ಪುಟವನ್ನು ಎಲ್ಲರೂ ನೋಡಿದ್ದರು, ಎರಡನೆಯದನ್ನು ಯಾರೂ ತಿರುವಿರಲಿಲ್ಲ.

ಎರಡನೆಯದು ಬಸವಕಲ್ಯಾಣದ ಕಡೆಯ ಒಬ್ಬ ಜೊತೆಗಾರ. ಅದೇ ಟ್ರಕ್ಕಿನಲ್ಲಿ ಹಿಂದೆ ಕೂತಿದ್ದವರು. ನಾಯಕ್ ಸಾಹೇಬರು ಎಳೆದು ಹೊರಗೆ ಹಾಕಿದ ಇಬ್ಬರಲ್ಲಿ ಒಬ್ಬರು. ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಫೋನ್ ನಂಬರ್ ಕೊನೆಗೆ ಸಿಕ್ಕಿದ್ದು ಒಂದು ಮದುವೆ ಮಂಟಪದಲ್ಲಿ, ಇನ್ನೊಬ್ಬ ಮಾಜಿ ಸೈನಿಕರ ಹತ್ತಿರ. ನಾವಿಬ್ಬರೂ ಬಸ್ ಹಿಡಿದು ಹೋದೆವು. ಬಾಗಿಲಲ್ಲಿ ನಿಂತ ಇವರನ್ನು ನೋಡಿ ಅವರು ಒಂದು ನಿಮಿಷ ಗುರುತೇ ಹಿಡಿಯಲಿಲ್ಲ. ಆಮೇಲೆ “ಲೇ ಶಹಾಪುರ!” ಅಂತ ಕೂಗಿದರು. ಪಲ್ಟನ್ನಿನಲ್ಲಿ ಊರಿನ ಹೆಸರೇ ಹೆಸರು. ಊಟ ಮುಗಿಯುವವರೆಗೆ ಕಾಗದದ ಮಾತು ಎತ್ತಲು ನನಗೆ ಬಿಡಲಿಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟ ಆದ ಮೇಲೆ ಅವರು ಒಳಗಿಂದ ತಮ್ಮ ಡಿಸ್ಚಾರ್ಜ್ ಬುಕ್ ತಂದರು. ಪದಕದ ಕಾಲಮ್ಮಿನಲ್ಲಿ ವೂಂಡ್ ಮೆಡಲ್ ಇತ್ತು. ಪಕ್ಕದಲ್ಲಿ ಪಾರ್ಟ್ ಟು ಆರ್ಡರಿನ ನಂಬರ್. ಗಾಯದ ದಿನಾಂಕ ಅದೇ.

ಒಂದೇ ಟ್ರಕ್, ಒಂದೇ ಬಾಂಬು, ಎರಡು ದಾಖಲೆ. ಅವರನ್ನು ಬೇರೆ ಸರದಿಯಲ್ಲಿ ಸಾಗಿಸಿದ್ದರು, ಅಲ್ಲಿ ಬರೆದವನು ಬೇರೆಯವನು, ಅವನು ‘ನೆಲಬಾಂಬು ಸ್ಫೋಟ’ ಅಂತ ಬರೆದಿದ್ದ. ಮೂವತ್ತು ವರ್ಷಕ್ಕೂ ಮಿಕ್ಕಿದ ವ್ಯತ್ಯಾಸ ಹುಟ್ಟಿದ್ದು ಎರಡು ಪೆನ್ನುಗಳಿಂದ. ಆ ನಂಬರ್ ಬರೆದುಕೊಂಡೆ. ಅಫಿಡವಿಟ್ಟಿಗಿಂತ ನೂರು ಪಾಲು ಮೇಲು ಆ ನಂಬರ್. ಯಾಕೆಂದರೆ ಅದು ಸೇನೆಯವರದೇ ಕಪಾಟಿನಲ್ಲಿದೆ. ಇಲ್ಲ ಅನ್ನಲು ಬರುವುದಿಲ್ಲ. ಅಫಿಡವಿಟ್ಟನ್ನೂ ಮಾಡಿಸಿದೆವು, ಇರಲಿ ಅಂತ.

ಮೂರನೆಯದು ಡ್ರೈವರ್. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ತ್ಯಾಗ ಚಕ್ರದ ಗೋಡೆಗಳ ಮೇಲೆ ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 25,000ಕ್ಕೂ ಹೆಚ್ಚು ಸೈನಿಕರ ಹೆಸರು ಇವೆ. ಆಪರೇಷನ್ ಪವನ್‌ನವರದ್ದೂ ಇವೆ. ಡ್ರೈವರ್ ಹೆಸರು ಅದರಲ್ಲಿ ಸಿಕ್ಕಿತು. ಮೊಬೈಲಿನಲ್ಲಿ ತೋರಿಸಿದೆ. ನಾಯಕ್ ಸಾಹೇಬರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಗ ಹೇಳಿದರು.

“ಬಾಬೂಜಿ, ಗಾಡಿ ಪಲ್ಟಿ ಅಂತ ಬರದ್ರ ಯಾರ ತಪ್ಪು ಅಂತ ಆಗ್ತದ? ಡ್ರೈವರಂದು ಅಂತ ಆಗ್ತದಲ್ರಿ. ಅಂವ ಭಾಳ ಛಲೋ ಓಡಸ್ತಿದ್ದ.”

ಆ ಅರ್ಜಿಯನ್ನು ನಾನು ಅಷ್ಟು ದಿನ ಹಿಡಿದುಕೊಂಡು ಓಡಾಡಿದ್ದೆ. ಅದು ಯಾರ ಪರವಾದ ಅರ್ಜಿ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ಮಧ್ಯೆ ಒಂದು ಎಡವಟ್ಟು

ಇದರ ನಡುವೆ ಮಗ ಒಂದು ಕೆಲಸ ಮಾಡಿದ. ಆನ್‌ಲೈನ್‌ನಲ್ಲಿ ಪದಕದ ನಕಲು ಸಿಗುತ್ತದೆ ಅಂತ ತರಿಸಿದ. ಆಗಸ್ಟ್ 15ಕ್ಕೆ ಊರ ಶಾಲೆಯಲ್ಲಿ ಧ್ವಜ ಹಾರಿಸಲು ಅಪ್ಪನನ್ನು ಕರೆದಿದ್ದರು, ಹಾಕಿಕೊಂಡು ಹೋಗಲಿ ಅಂತ. ಮಗನ ಪ್ರೀತಿ, ಬಯ್ಯಲು ಬರುವುದಿಲ್ಲ. ಅಪ್ಪ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಟ್ರಂಕಿನಲ್ಲಿ ಹಾಕಿದರಂತೆ. “ಪುಸ್ತಕದಾಗ ಇಲ್ಲದ್ದು ಎದಿ ಮ್ಯಾಲ ಯಾಕ” ಅಂದರಂತೆ. ಇರುವ ಮೂರನ್ನೇ ಹಾಕಿಕೊಂಡು ಹೋದರು. ಕಳೆದುಹೋದ ಪದಕಕ್ಕೆ ನಕಲು ತರಿಸುವುದು ಬೇರೆ ಮಾತು. ಮಂಜೂರೇ ಆಗದ್ದನ್ನು ಹಾಕಿಕೊಂಡು ಯಾರಾದರೂ ಫೋಟೊ ತೆಗೆದಿದ್ದರೆ ನಮ್ಮ ಅರ್ಜಿ ಅಲ್ಲಿಗೇ ಕೆಡುತ್ತಿತ್ತು.

ಕಚೇರಿಗಳ ನಡುವೆ

ಅರ್ಜಿ ಒಂದೇ ಪುಟದ್ದು. ಜೊತೆಗೆ ಲಗತ್ತು. ಒಂದು ಸಣ್ಣ ತೊಡಕು ಬಂತು, ವಿಳಾಸದ್ದು. ಅವರ ದಾಖಲೆಯಲ್ಲಿ ಜಿಲ್ಲೆ ಗುಲ್ಬರ್ಗ. 2010ರ ಹೊತ್ತಿಗೆ ಶಹಾಪುರ ಯಾದಗಿರಿ ಜಿಲ್ಲೆಗೆ ಸೇರಿತು. 2014ರ ನವೆಂಬರ್‌ನಲ್ಲಿ ಗುಲ್ಬರ್ಗವೇ ಕಲಬುರಗಿ ಆಯಿತು. ಊರು ಇದ್ದಲ್ಲೇ ಇದೆ, ಮನೆ ಇದ್ದಲ್ಲೇ ಇದೆ, ಆದರೆ ಕಾಗದದ ಪ್ರಕಾರ ಇವರು ಎರಡು ಸಲ ಬೇರೆ ಕಡೆ ಹೋಗಿದ್ದಾರೆ. ಅದೇ ವ್ಯಕ್ತಿ ಇವರು ಅಂತ ತಹಸೀಲ್ದಾರರಿಂದ ಪತ್ರ ತರಬೇಕಾಯಿತು.

ರೆಕಾರ್ಡ್ ಆಫೀಸಿನ ಉತ್ತರ: ಮೂಲ ಆದೇಶ ಪಲ್ಟನ್ನಿನದು, ಅವರು ತಿದ್ದಿದರೆ ನಾವು ತಿದ್ದುತ್ತೇವೆ. ಪಲ್ಟನ್ನಿನ ಉತ್ತರ: ಅಷ್ಟು ಹಳೆಯ ಕಾಗದ ನಮ್ಮಲ್ಲಿಲ್ಲ, ರೆಕಾರ್ಡ್ ಆಫೀಸಿಗೆ ಕೇಳಿ. ಹೀಗೆ ಏಳೆಂಟು ತಿಂಗಳು. ಇಂಥ ಸಮಯದಲ್ಲಿ ಸಿಟ್ಟು ಬಂದು ಕಾಗದ ಹರಿದವರನ್ನು ನೋಡಿದ್ದೇನೆ. ನಾಯಕ್ ಸಾಹೇಬರು ತೊಗರಿ ರಾಶಿ ಮುಗಿಸಿ ಬರುತ್ತಿದ್ದರು, ಹತ್ತಿ ಬಿಡಿಸಿ ಬರುತ್ತಿದ್ದರು. “ಏನಂತ್ರಿ?” ಅಂತ ಕೇಳಿ ಚಹಾ ಕುಡಿದು ಹೋಗುತ್ತಿದ್ದರು.

ದಾರಿ ಬಿಟ್ಟದ್ದು ಪಲ್ಟನ್ನಿನ ಒಬ್ಬ ಎಳೆಯ ಅಧಿಕಾರಿ. ಪ್ರತಿ ಪಲ್ಟನ್ ತನ್ನ ಚರಿತ್ರೆಯನ್ನು ಡೈಜೆಸ್ಟ್ ಆಫ್ ಸರ್ವಿಸ್ ಅಂತ ಬರೆದಿಡುತ್ತದೆ. ಆ ದಿನದ ಕೆಳಗೆ ಒಂದೇ ಸಾಲು ಇತ್ತಂತೆ: ನೆಲಬಾಂಬಿಗೆ ವಾಹನ ಸಿಕ್ಕಿತು, ಒಬ್ಬ ಮೃತ, ಐವರಿಗೆ ಗಾಯ. ಹೆಸರಿಲ್ಲ. ಆದರೆ ಬಸವಕಲ್ಯಾಣದವರ ಆದೇಶದ ನಂಬರ್ ಹಿಡಿದು ರೆಕಾರ್ಡ್ ಆಫೀಸಿನಲ್ಲಿ ಹುಡುಕಿದರೆ ಬ್ಯಾಟಲ್ ಕ್ಯಾಜುವಲ್ಟಿ ಅಂತ ನಾಲ್ವರೇ ಸಿಕ್ಕರು. ಐದನೆಯವನು ಎಲ್ಲಿ? ಆ ಪ್ರಶ್ನೆಗೆ ಅದೇ ದಿನ, ಅದೇ ಕಂಪನಿಯಿಂದ, ‘ಗಾಡಿ ಪಲ್ಟಿ’ ಅಂತ ಆಸ್ಪತ್ರೆ ಸೇರಿದ ಒಬ್ಬನೇ ಒಬ್ಬ ಉತ್ತರವಾಗಿದ್ದ.

ತಿದ್ದುಪಡಿ ಆದೇಶ ಬಂತು. ಕಾರಣದ ಜಾಗದಲ್ಲಿ ಶತ್ರುವಿನ ನೆಲಬಾಂಬು ಅಂತ ಆಯಿತು, ವರ್ಗ ಬ್ಯಾಟಲ್ ಕ್ಯಾಜುವಲ್ಟಿ ಅಂತ ಆಯಿತು. ಗಾಯದ ಪದಕ ಮಂಜೂರಾಗಿ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೊಸ ಸಾಲು ಸೇರಿತು, ಬೇರೆ ಶಾಯಿಯಲ್ಲಿ.

ಪಿಂಚಣಿಯ ಬಾಲ ಇನ್ನೂ ಎಳೆಯುತ್ತಿದೆ. ಸೇವೆ ಮುಗಿಸಿ ಬಂದವರಿಗೆ ನೂರು ಪರ್ಸೆಂಟ್ ಅಂಗವಿಕಲತೆಗೆ ಕೊನೆಯ ವೇತನದ 30 ಪರ್ಸೆಂಟ್ ಲೆಕ್ಕ. ಯುದ್ಧಗಾಯವಾದರೆ 60. ಅಂದರೆ ಇವರಿಗೆ ಆ ಭಾಗ ದುಪ್ಪಟ್ಟಾಗಬೇಕು. ಹಳೆ ಬಾಕಿ 2001ರಿಂದ ಸಿಗುತ್ತದೆ ಅಂತ ಮಗ ಲೆಕ್ಕ ಹಾಕಿ ಕೂತಿದ್ದ. ತಡವಾಗಿ ಕೇಳಿದವರಿಗೆ ಅರ್ಜಿಗಿಂತ ಹಿಂದಿನ ಮೂರು ವರ್ಷದ್ದು ಮಾತ್ರ ಅಂತ 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನು ತಿಳಿಸಿದೆ. ಮುಖ ಸಣ್ಣದಾಯಿತು. ರಕ್ಷಣಾ ಪಿಂಚಣಿ ಕಚೇರಿ ಇರುವ ಪ್ರಯಾಗರಾಜ್‌ನಿಂದ ಉತ್ತರ ಬರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರುತ್ತದೆ. ಅಲ್ಲಿಗೆ ಹೋಗುವ ಮೊದಲು ಇಲಾಖೆಯೊಳಗಿನ ದಾರಿ ಮುಗಿಸಿರಬೇಕು, ಅದನ್ನು ಮುಗಿಸುತ್ತಿದ್ದೇವೆ.

ಪದಕ ಬಂದ ವಾರ ನಾಯಕ್ ಸಾಹೇಬರು ಮತ್ತೆ ಬಂದರು. ಈ ಸಲ ಚೀಲ ಇಲ್ಲ. ಜೇಬಿನಲ್ಲಿ ತಿದ್ದುಪಡಿ ಆದೇಶದ ಎರಡು ಜೆರಾಕ್ಸ್. ಒಂದನ್ನು ನನಗೆ ಕೊಟ್ಟರು, ಫೈಲಿಗೆ. ಇನ್ನೊಂದನ್ನು ಮೇಜಿನ ಮೇಲಿಟ್ಟು, ಡ್ರೈವರ್ ಮನೆಗೆ ಹಿಂದಿಯಲ್ಲಿ ಒಂದು ಕಾಗದ ಬರೆದುಕೊಡಬೇಕು ಅಂದರು.

“ಏನಂತ ಬರೀಲಿ?”

“ಗಾಡಿ ಛಂದ ಓಡಸ್ತಿದ್ದ ಅಂತ ಬರೀರಿ. ಬಾಂಬ್ ಅದರ ಕೆಳಗ ಇತ್ತು ಅಂತ ಬರೀರಿ.”

ವಿಳಾಸ ಇನ್ನೂ ಹುಡುಕುತ್ತಿದ್ದೇವೆ.